ಅಣ್ಣಾವ್ರು, ಸಚಿನ್ ಮತ್ತು ಏಪ್ರಿಲ್ 24

ಏಪ್ರಿಲ್ 24 ಬಂತೆಂದರೆ ವಾಟ್ಸಾಪಿನಲ್ಲಿ ಎರಡು ಫೋಟೊ ಜೊತೆಯಾಗಿ ಓಡಾಡುತ್ತವೆ. ಒಬ್ಬರು 1929ರಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್, ಇನ್ನೊಬ್ಬರು 1973ರಲ್ಲಿ ಹುಟ್ಟಿದ ಸಚಿನ್ ತೆಂಡೂಲ್ಕರ್. ಕೆಳಗೆ ‘ದಿನದ ಮಹಿಮೆ’ ಎಂಬ ಒಕ್ಕಣೆ. ಅಭಿಮಾನದ ಬಗ್ಗೆ ತಕರಾರಿಲ್ಲ, ಮಹಿಮೆಯ ಬಗ್ಗೆ ಇದೆ.

ತಪ್ಪು ಕಲ್ಪನೆ: ಹೆಸರಾಂತರ ಜನ್ಮದಿನ ಒಂದೇ ಆಗುವುದು ಅಪರೂಪದ ಯೋಗ.

ಸತ್ಯ: 23 ಜನ ಒಂದೆಡೆ ಸೇರಿದರೆ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ 365 ದಿನವಿರುವಾಗ ಇದು ಹೇಗೆ? ಇಲ್ಲಿ ಎಣಿಸಬೇಕಾದದ್ದು ಜೋಡಿಗಳನ್ನು. ಮೊದಲನೆಯವರನ್ನು ಉಳಿದ 22 ಜನರ ಜೊತೆ ತಾಳೆ ನೋಡಬೇಕು, ಎರಡನೆಯವರನ್ನು 21 ಜನರ ಜೊತೆ. ಹೀಗೆ ಕೂಡುತ್ತಾ ಹೋದರೆ 253 ಜೋಡಿ! 57 ಜನ ಸೇರಿದರಂತೂ ಸಾಧ್ಯತೆ ಶೇ 99. ‘ನಮ್ಮ ಆಫೀಸಿನಲ್ಲಿ ನನ್ನ ದಿನ ಹುಟ್ಟಿದವರು ಯಾರೂ ಇಲ್ಲವಲ್ಲ’ ಎನ್ನುವವರ ಲೆಕ್ಕವೇ ಬೇರೆ. ನಿಮ್ಮದೇ ತಾರೀಖು ಬೇಕೆಂದು ಹಟ ಹಿಡಿದರೆ, ಅರ್ಧದಷ್ಟು ಸಾಧ್ಯತೆಗೂ ಬೇರೆ 253 ಜನ ಬೇಕು. ಸಾವಿರಾರು ಖ್ಯಾತನಾಮರ ಪಟ್ಟಿ ಹಿಡಿದು ಕೂತರೆ ಜೋಡಿ ಸಿಗದಿದ್ದರೇ ಆಶ್ಚರ್ಯ. ಕ್ರಿಕೆಟಿನಲ್ಲೇ ನೋಡಿ: ಜಡೇಜಾ, ಬುಮ್ರಾ, ಶ್ರೇಯಸ್ ಅಯ್ಯರ್, ನಮ್ಮ ಕರುಣ್ ನಾಯರ್, ನಾಲ್ವರೂ ಹುಟ್ಟಿದ್ದು ಡಿಸೆಂಬರ್ 6ರಂದು.

ತಪ್ಪು ಕಲ್ಪನೆ: ಒಂದೇ ದಿನ ಹುಟ್ಟಿದವರ ಹಣೆಬರಹವೂ ಒಂದೇ.

ಸತ್ಯ: ತಾರೀಖಷ್ಟೇ ಏಕೆ, ಇಸವಿಯೂ ಒಂದೇ ಆದ ಜೋಡಿಯಿದೆ. ಅಬ್ರಹಾಂ ಲಿಂಕನ್ ಮತ್ತು ಚಾರ್ಲ್ಸ್ ಡಾರ್ವಿನ್ ಇಬ್ಬರೂ ಹುಟ್ಟಿದ್ದು 1809ರ ಫೆಬ್ರುವರಿ 12ರಂದು. ಲಿಂಕನ್ ಕೆಂಟಕಿಯ ಮರದ ದಿಮ್ಮಿಗಳ ಗುಡಿಸಲಿನಲ್ಲಿ, ಡಾರ್ವಿನ್ ಇಂಗ್ಲೆಂಡಿನ ಶ್ರೂಸ್‌ಬರಿಯ ಅನುಕೂಲಸ್ಥ ವೈದ್ಯರ ಮನೆಯಲ್ಲಿ. ಒಬ್ಬರು 56ರಲ್ಲಿ ಗುಂಡೇಟಿಗೆ ಬಲಿಯಾದರು, ಇನ್ನೊಬ್ಬರು 73 ವರ್ಷ ಬಾಳಿದರು. ಅದೇ ದಿನ ಹುಟ್ಟಿ, ಉತ್ತು ಬಿತ್ತು, ಹೆಸರಿಲ್ಲದೆ ಹೋದ ಸಾವಿರಾರು ಜನರನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇನ್ನು, ದಾಖಲೆಯ ತಾರೀಖೇ ಹುಟ್ಟಿದ ತಾರೀಖು ಎಂದು ನಂಬುವವರಿಗೆ ಒಂದು ಮಾತು. ಸರ್ದಾರ್ ಪಟೇಲರ ಅಕ್ಟೋಬರ್ 31 ಅವರು ಮೆಟ್ರಿಕ್ ಪರೀಕ್ಷೆಗೆ ಅಂದಾಜಿನಲ್ಲಿ ಬರೆದುಕೊಟ್ಟದ್ದು. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಮಕ್ಕಳೆಷ್ಟೋ. ನಿಮ್ಮ ಮನೆಯ ಹಿರಿಯರ ಆಧಾರ್ ಕಾರ್ಡಿನಲ್ಲೂ ಅದೇ ತಾರೀಖಿದ್ದರೆ, ನಿಜಕ್ಕೂ ಹುಟ್ಟಿದ್ದು ಯಾವ ಹಬ್ಬದ ಹಿಂದುಮುಂದು, ಯಾವ ಮಳೆಯಲ್ಲಿ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.