17 ವರ್ಷದ ನೂಲು, 17 ದಿನದ ನೂಲು

ಸುಮಾರು 45 ಕಿಲೋ ಹತ್ತಿಯನ್ನು ನಯವಾದ ನೂಲಾಗಿಸಲು ನಮ್ಮ ದೇಶದ ಕೈಗಳಿಗೆ 50 ಸಾವಿರ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು ಎಂಬುದು ಆರ್ಥಿಕ ಇತಿಹಾಸಕಾರರ ಲೆಕ್ಕ. ದಿನಕ್ಕೆ ಎಂಟು ಗಂಟೆಯಂತೆ, ಹಬ್ಬ-ಹುಣ್ಣಿಮೆಗೂ ಬಿಡುವಿಲ್ಲದೆ ನೂತರೆ 17 ವರ್ಷ! 1825ರ ಸುಮಾರಿಗೆ ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ ಸ್ವಯಂಚಾಲಿತ ನೂಲುವ ಯಂತ್ರ ತಂದ. ಅಷ್ಟೇ ಹತ್ತಿಗೆ ಅದರಲ್ಲಿ 135 ಗಂಟೆಯ ದುಡಿಮೆ ಸಾಕಾಯಿತು. ಅದೇ ಲೆಕ್ಕದಲ್ಲಿ 17 ದಿನ. ನಮ್ಮ ನೂಲುವವರು ಸೋತದ್ದು ಮೈಗಳ್ಳತನದಿಂದಲ್ಲ. ಅವರ ಎದುರಿಗಿದ್ದ ಅಂಕಿ ಅಂಥದ್ದು.

1913ರಲ್ಲಿ ಬ್ರಿಟನ್ ಹೊರದೇಶಗಳಿಗೆ ಕಳಿಸಿದ ಹತ್ತಿ ಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ 300 ಕೋಟಿ ಗಜದಷ್ಟು ಬಂದಿಳಿದದ್ದು ಭಾರತಕ್ಕೆ. ಆಗ ನಮ್ಮ ಜನಸಂಖ್ಯೆ 31 ಕೋಟಿ ಚಿಲ್ಲರೆ. ತೊಟ್ಟಿಲ ಕೂಸನ್ನೂ ಸೇರಿಸಿ ಹಂಚಿದರೆ ತಲೆಗೆ ಒಂಬತ್ತು ಗಜಕ್ಕೂ ಹೆಚ್ಚು ಪರದೇಶಿ ಬಟ್ಟೆ! ಇದು ಬರೀ ಯಂತ್ರದ ಬಲವಲ್ಲ. 1896ರಲ್ಲಿ ಸರ್ಕಾರ ಆಮದು ಬಟ್ಟೆಗೆ ಶೇ. 3.5 ಸುಂಕ ಹಾಕಿ, ನಮ್ಮ ಗಿರಣಿಗಳ ಬಟ್ಟೆಗೂ ಅಷ್ಟೇ ತೆರಿಗೆ ಹೇರಿತು. ಗಿರಣಿಗಳ ಮೇಲಿನ ಆ ತೆರಿಗೆ ಹೋಗಲು ಸುಮಾರು 30 ವರ್ಷ ಬೇಕಾಯಿತು.

ವಚನಕಾರ ಸಿದ್ಧರಾಮನ ಸೊಲ್ಲಾಪುರದಲ್ಲಿ 1877ರಲ್ಲಿ ಶುರುವಾದ ಜುನಿ ಮಿಲ್ಲು ಈ ಪ್ರವಾಹದ ಎದುರು ನಿಂತಿತು. ಅದರ ಬೆನ್ನಿಗೆ ಇನ್ನಷ್ಟು ಗಿರಣಿಗಳು ಎದ್ದವು. ಕನ್ನಡ, ತೆಲುಗು, ಮರಾಠಿ ಮೂರೂ ಮಾತಿನವರು ಈ ಊರಿನ ಗಿರಣಿ, ಮಗ್ಗಗಳಲ್ಲಿ ದುಡಿದರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿಗೆ ಗಿರಣಿ ಕಾರ್ಮಿಕರು ಬೀದಿಗಿಳಿದರು. ಸರ್ಕಾರ ಊರಿಗೆ ಮಾರ್ಷಲ್ ಲಾ ಹೇರಿತು. ಆ ಪ್ರತಿಭಟನೆಯ ಪ್ರಕರಣದಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರನ್ನೂ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿತು.

ಆ ಹೋರಾಟದ ವರ್ಷ ದೇಶದಲ್ಲಿ ಆದದ್ದನ್ನು ನೋಡಿ. 1929-30ರಲ್ಲಿ 124.8 ಕೋಟಿ ಗಜ ಇದ್ದ ಬ್ರಿಟಿಷ್ ಬಟ್ಟೆಯ ಆಮದು 1930-31ರಲ್ಲಿ 52.3 ಕೋಟಿ ಗಜಕ್ಕೆ ಕುಸಿಯಿತು. ಜಾಗತಿಕ ಆರ್ಥಿಕ ಕುಸಿತವೂ ಇದಕ್ಕೆ ಕಾರಣ, ಜನರ ಬಹಿಷ್ಕಾರವೂ ಕಾರಣ. ಕಡಿಮೆಯಾದ 72.5 ಕೋಟಿ ಗಜ ಬಟ್ಟೆಯನ್ನು ಉದ್ದಕ್ಕೆ ಹಾಸಿದರೆ ಭೂಮಿಯನ್ನು ಹದಿನಾರು ಸುತ್ತು ಸುತ್ತಿ ಇನ್ನೂ ಮಿಗುತ್ತದೆ!

ಸೊಲ್ಲಾಪುರದ ಮಗ್ಗಗಳ ಮುಂದಿರುವ ಇಂದಿನ ಅಂಕಿಗಳೂ ಎದೆ ನಡುಗಿಸುತ್ತವೆ. ಲಾಳಿ ಓಡುವ ಸಾದಾ ವಿದ್ಯುತ್ ಮಗ್ಗ ನಿಮಿಷಕ್ಕೆ ನೂರೈವತ್ತರ ಆಸುಪಾಸು ಹೊಕ್ಕು (ಅಡ್ಡ ಎಳೆ) ಹಾಕಿದರೆ, ಗಾಳಿಯ ಒತ್ತಡದಿಂದ ಎಳೆ ಚಿಮ್ಮಿಸುವ ಹೊಸ ಮಗ್ಗ 600ಕ್ಕೂ ಹೆಚ್ಚು ಹಾಕುತ್ತದೆ. ಇಲ್ಲಿ ನೇಯುವ ಹತ್ತಿ ಚಾದರಕ್ಕಿಂತ ಹೊರಗಿನಿಂದ ಬರುವ ಪಾಲಿಯೆಸ್ಟರ್ ಹೊದಿಕೆ ಹಗುರ, ಮೆತ್ತಗೆ, ಅಗ್ಗ. ಸೊಲ್ಲಾಪುರದ ಹೆಸರು ಹೊತ್ತು ಬೇರೆ ಊರಿನ ನಕಲಿ ಚಾದರವೂ ಪೇಟೆಗೆ ಬರುತ್ತದೆ.

ಅಸಲಿ ಸೊಲ್ಲಾಪುರ ಚಾದರವನ್ನು ಮಗುಚಿ ನೋಡಿ. ಮೇಲೆ ಕೆಂಪು ನೆಲದಲ್ಲಿ ಬಿಳಿ ಹೂವಿದ್ದರೆ ಹಿಂಬದಿಯಲ್ಲಿ ಬಿಳಿ ನೆಲದಲ್ಲಿ ಕೆಂಪು ಹೂವು. ಅದು ಮೇಲೆ ಒತ್ತಿದ ಅಚ್ಚಲ್ಲ, ಜಕಾರ್ಡ್ ಮಗ್ಗದಲ್ಲಿ ಹತ್ತಿ ಎಳೆಯಿಂದಲೇ ಎಬ್ಬಿಸಿದ ಚಿತ್ತಾರ. ಈ ಚಾದರಕ್ಕೂ ಇಲ್ಲಿನ ಟೆರಿ ಟವೆಲ್ಲಿಗೂ 2005-06ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಆದರೆ ಕೊಳ್ಳುವವರು ಕೇಳದಿದ್ದರೆ ಆ ಗುರುತು ಬರೀ ಕಾಗದ.

ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಕರ್ನಾಟಕದಿಂದ ಹೋಗುವವರಿಗೆ ಅಲ್ಲಿಂದ ಸೊಲ್ಲಾಪುರ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಮುಂದಿನ ಸಲ ಹೋದಾಗ ಒಂದು ಚಾದರ ಕೊಳ್ಳಿ. ಕೊಳ್ಳುವ ಮುನ್ನ ಮಗುಚಿ ನೋಡಿ, ಗುರುತು ಕೇಳಿ. ಒಬ್ಬರು ಕೊಳ್ಳುವ ಚಾದರ ಸಣ್ಣ ಲೆಕ್ಕ. ಅಂಥ ಸಣ್ಣ ಲೆಕ್ಕಗಳು ಕೂಡಿಯೇ 1930ರಲ್ಲಿ ಕೋಟಿ ಕೋಟಿ ಗಜಗಳನ್ನು ತಡೆದವು.