ಅಡಿಕೆಯ ಲೆಕ್ಕ ತಪ್ಪಿದ ಗಣಕಯಂತ್ರ

ಸಾಗರದಿಂದ ವರದಹಳ್ಳಿಗೆ ಹೋಗುವ ಬಸ್ಸಿನಲ್ಲಿ ಶ್ರೀಧರಸ್ವಾಮಿಗಳ ಆಶ್ರಮಕ್ಕೆ ಹೊರಟ ಯಾತ್ರಿಕರನ್ನು ಕಾಣದ ದಿನವಿಲ್ಲ. ಸಂಜೆಯ ಹೊತ್ತು ಅವರ ನಡುವೆ ಬೆನ್ನಿಗೆ ಚೀಲ ಏರಿಸಿದ ಕಾಲೇಜು ಮಕ್ಕಳೂ ಇರುತ್ತಾರೆ. 2022ರ ಮಳೆಗಾಲದಲ್ಲಿ ತಮ್ಮನ ಮನೆಗೆಂದು ನಾನು ಆ ಬಸ್ಸು ಹತ್ತಿದಾಗ, ಅವನ ಮಗಳೂ ಅದೇ ಬಸ್ಸಿನಲ್ಲಿದ್ದಳು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಅವಳಿಗೆ ಅದರ ಪರಿವೆಯಿರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ಎದೆಗವಚಿಕೊಂಡು ಕುಳಿತಿದ್ದಳು. ಮುಖ ಆಷಾಢದ ಆಕಾಶದಂತೆಯೇ ಕವಿದಿತ್ತು.

ಅದು ಅವಳ ‘ರೆಕಾರ್ಡು’. ಬಿ.ಸಿ.ಎ. ತರಗತಿಯ ವಿದ್ಯಾರ್ಥಿಗಳು ತಾವು ರಚಿಸಿದ ಪ್ರೋಗ್ರಾಮುಗಳನ್ನು ಕೈಬರಹದಲ್ಲಿ ಬರೆದು ಒಪ್ಪಿಸುವ ಪುಸ್ತಕ. ಗೆರೆ ಎಳೆದ ಬಲಪುಟದಲ್ಲಿ ಪ್ರೋಗ್ರಾಂ, ಗೆರೆಯಿಲ್ಲದ ಎಡಪುಟದಲ್ಲಿ ಪೆನ್ಸಿಲಿನಿಂದ ಅದರ ಉತ್ತರ. ಗಣಕದ ವಿದ್ಯೆಯನ್ನು ಶಾಯಿಯಲ್ಲಿ ಬರೆದೇ ಕಲಿಯಬೇಕೆಂಬ ಈ ಪದ್ಧತಿ ಹೊರಗಿನವರಿಗೆ ವಿಚಿತ್ರವೆನಿಸೀತು. ನಮ್ಮ ಕಾಲೇಜುಗಳಿಗೆ ಅದು ಅಭ್ಯಾಸವಾಗಿಹೋಗಿದೆ.

“ಎಂತಾಯಿತೇ?” ಎಂದೆ.

“ವಾಪಸು ಕೊಟ್ಟರು ದೊಡ್ಡಪ್ಪ. ಎಲ್ಲರದ್ದೂ ಒಂದೇ ಥರ ಇರಬೇಕಂತೆ. ನಾನು ಬೇರೆ ಬರೆದಿದ್ದೆ.”

ರಾತ್ರಿ ಊಟವಾದ ಮೇಲೆ ಪುಸ್ತಕ ಬಿಚ್ಚಿಸಿದೆ. ಕೊಟ್ಟ ಮಾದರಿ ಸರಳಬಡ್ಡಿಯದು: ಅಸಲು, ಅವಧಿ, ದರ. ತರಗತಿಯ ಇತರರೆಲ್ಲ ಅದನ್ನೇ ಅಕ್ಷರ ತಪ್ಪದೆ ನಕಲಿಳಿಸಿ ಪೂರ್ಣಾಂಕ ಪಡೆದಿದ್ದರು. ಇವಳು ಬಡ್ಡಿಯನ್ನು ಬಿಟ್ಟು ಅಪ್ಪನ ಅಡಿಕೆಯನ್ನು ಹಿಡಿದಿದ್ದಳು. ತೂಕವನ್ನು ಕಿಲೋದಲ್ಲಿಯೂ ದರವನ್ನು ಕ್ವಿಂಟಾಲಿಗೆ ಇಷ್ಟೆಂದೂ ಕೊಟ್ಟರೆ ಮಂಡಿಯಿಂದ ಬರಬೇಕಾದ ಹಣವನ್ನು ಯಂತ್ರ ಹೇಳಬೇಕು. ತೂಕ 250 ಕಿಲೋ, ದರ 48,000 ರೂಪಾಯಿ. ಯಂತ್ರ ಹೇಳಿದ ಉತ್ತರ 30,464 ರೂಪಾಯಿ!

ಪಕ್ಕದಲ್ಲಿ ಕವಳ ಹಾಕುತ್ತಿದ್ದ ತಮ್ಮ ಮಗ್ಗಿ ಹೇಳುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. “ಒಂದು ಲಕ್ಷದ ಇಪ್ಪತ್ತು ಸಾವಿರ ಬರಬೇಕು. ನಿನ್ನ ಯಂತ್ರದ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ ಮಾರಾಯ್ತಿ.”

ಇಲ್ಲಿ ನಡೆದಿದ್ದುದು ಏನು? ‘ಸಿ’ ಎಂಬ ಭಾಷೆಯಲ್ಲಿ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರವೂ ಪೂರ್ಣಸಂಖ್ಯೆಯೇ. 250ನ್ನು 100ರಿಂದ ಭಾಗಿಸಿದರೆ ಎರಡೂವರೆಯಲ್ಲ, ಬರಿಯ ಎರಡು. ಐವತ್ತು ಕಿಲೋ ಅಡಿಕೆ ಸದ್ದಿಲ್ಲದೆ ಮಾಯ! ಈ ಭಾಷೆಯನ್ನು 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಡೆನ್ನಿಸ್ ರಿಚ್ಚಿಯವರು, ಬ್ರಯನ್ ಕರ್ನಿಘನ್ ಅವರೊಡನೆ 1978ರಲ್ಲಿ ಹೊರತಂದ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಈ ಗುಂಡಿಯನ್ನು ತೋರಿಸಿಕೊಟ್ಟಿದ್ದಾರೆ. ಫ್ಯಾರನ್‌ಹೀಟನ್ನು ಸೆಲ್ಸಿಯಸ್ಸಿಗೆ ತಿರುಗಿಸುವಾಗ ಐದನ್ನು ಒಂಬತ್ತರಿಂದ ಮೊದಲೇ ಭಾಗಿಸಿಬಿಟ್ಟರೆ ಸೊನ್ನೆ ಬಂದು, ಲೋಕವೆಲ್ಲ ಹಿಮಗಡ್ಡೆಯಾಗುತ್ತದೆ. ಆದರೂ ಪ್ರತಿವರ್ಷ ಹೊಸ ಮಕ್ಕಳು ಆ ಗುಂಡಿಯಲ್ಲಿ ಬಿದ್ದೇ ಏಳುತ್ತಾರೆ.

ಅವಳು ಗುಟ್ಟು ತಿಳಿದೊಡನೆ 100ರ ಮುಂದೆ ಒಂದು ದಶಮಾಂಶ ಬಿಂದುವಿಟ್ಟು ಮತ್ತೆ ಓಡಿಸಿದಳು. ಈ ಸಲದ ಉತ್ತರ ಋಣ 43,840. ಅಂದರೆ ಅಡಿಕೆಯನ್ನೂ ಕೊಟ್ಟು, ಮೇಲೆ ಅಪ್ಪನೇ ಮಂಡಿಗೆ ದುಡ್ಡು ಕಟ್ಟಬೇಕು! ತಮ್ಮ ಬಿದ್ದು ಬಿದ್ದು ನಕ್ಕ. ಮಗಳ ಕಣ್ಣಲ್ಲಿ ನೀರು. ಸರಿಪಡಿಸಿದ ಮೇಲೆ ಲೆಕ್ಕ ಇನ್ನಷ್ಟು ಕೆಟ್ಟರೆ ಯಾರಿಗೆ ತಾನೇ ಅಳು ಬಾರದು?

ನನಗಾದರೋ ಆಗ ಸಂತೋಷವಾಯಿತು. ಒಂದು ತಪ್ಪು ಇನ್ನೊಂದನ್ನು ಮರೆಮಾಚಿಕೊಂಡಿತ್ತು. ಮೊದಲನೆಯದು ಹೋದೊಡನೆ ಎರಡನೆಯದು ಬಯಲಿಗೆ ಬಂದಿತು. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೋ ಸಿ ಎಂಬ ಹಳೆಯ ಸಾಧನದಲ್ಲಿ ಸಾಮಾನ್ಯ ಪೂರ್ಣಸಂಖ್ಯೆಗೆ ದೊರೆಯುವ ಜಾಗ ಹದಿನಾರು ಬಿಟ್ಟುಗಳದು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಕೊಳಗ ತುಂಬಿದ ಮೇಲೆ ಸುರಿದ ಭತ್ತ ನೆಲಕ್ಕಾದರೂ ಚೆಲ್ಲುತ್ತದೆ. ಇಲ್ಲಿ ಹಾಗಲ್ಲ, ಗಡಿಯಾರದ ಮುಳ್ಳಿನಂತೆ ಸುತ್ತು ತಿರುಗಿ ಋಣದ ಕಡೆಯಿಂದ ಬರುತ್ತದೆ. 48,000ದಿಂದ 65,536ನ್ನು ಕಳೆದರೆ ಋಣ 17,536. ನಮ್ಮ ಅಡಿಕೆಯ ದರ ಯಂತ್ರದೊಳಗೆ ತಾಳಿದ ರೂಪ ಅದು. ದರವನ್ನು ದೀರ್ಘ ಪೂರ್ಣಸಂಖ್ಯೆಯೆಂದು ಘೋಷಿಸಿದ ಮೇಲೆ 1,20,000 ಬಂದಿತು.

ಅಷ್ಟರಲ್ಲಿ ವಿದ್ಯುತ್ತು ಹೋಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಾಗಿ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆ ಇದು. ಗಾಳಿ ಬೀಸಿದರೆ ನಮ್ಮ ಮನೆಗಳಲ್ಲೇ ಕತ್ತಲೆ.

ಕತ್ತಲೆಯಲ್ಲಿ ಕುಳಿತು ಅವಳಿಗೆ ಉಳಿದ ಗುಂಡಿಗಳನ್ನೂ ಹೇಳಿದೆ. ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ. ‘ಮಟ್ಟ 1,819 ಆಗಿದೆಯೇ?’ ಎಂದು ಕೇಳಲು ಈ ಭಾಷೆಯಲ್ಲಿ ಸಮಚಿಹ್ನೆಯನ್ನು ಎರಡು ಸಲ ಬರೆಯಬೇಕು. ಒಂದೇ ಸಲ ಬರೆದರೆ ಅದು ಪ್ರಶ್ನೆಯಲ್ಲ, ‘ಮಟ್ಟ 1,819 ಆಗಲಿ’ ಎಂಬ ಅಪ್ಪಣೆ. ಬಿರುಬೇಸಗೆಯಲ್ಲೂ ಅಣೆಕಟ್ಟು ತುಂಬಿದೆಯೆಂದೇ ಉತ್ತರ. ಇನ್ನು ಎಣಿಕೆ ಸೊನ್ನೆಯಿಂದ ಆರಂಭವಾಗುವುದನ್ನು ಮರೆತು ಹತ್ತು ಮನೆಗಳ ಸಾಲಿನಲ್ಲಿ ಇಲ್ಲದ ಮನೆಯ ಬಾಗಿಲು ಬಡಿಯುವುದು. ಆವರ್ತನೆಯ ಸಾಲಿನ ಕೊನೆಗೆ ಬೇಡದ ಅರ್ಧವಿರಾಮ ಹಾಕಿ, ಹತ್ತು ಸಲ ಆಗಬೇಕಾದ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುವುದು. ಇವೆಲ್ಲ ಎಲ್ಲರಿಗೂ ಆಗುವಂಥವು. 1949ರಲ್ಲಿ ಕೇಂಬ್ರಿಜ್ಜಿನಲ್ಲಿ ಎಡ್‌ಸ್ಯಾಕ್ ಯಂತ್ರವನ್ನು ನಡೆಸಿದ ಮಾರಿಸ್ ವಿಲ್ಕ್ಸ್ ಅಂಥವರೇ, ತಮ್ಮ ಉಳಿದ ಆಯುಷ್ಯದ ಬಹುಭಾಗ ಸ್ವಂತ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆದೀತೆಂದು ಹೊಳೆದ ಗಳಿಗೆಯನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ.

“ಹಾಗಾದರೆ ನನಗೇಕೆ ಅಂಕ ಇಲ್ಲ?” ಎಂದಳು ಹುಡುಗಿ.

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಉಪನ್ಯಾಸಕರನ್ನು ದೂರುವ ಹಕ್ಕು ನನಗಿಲ್ಲ. ನಾನೂ ಬೇರೊಂದೂರಿನಲ್ಲಿ ಇದೇ ಪಾಠ ಹೇಳಿದವನು. ಭಾನುವಾರದ ಒಂದು ಮಧ್ಯಾಹ್ನದಲ್ಲಿ ಅರುವತ್ತು ರೆಕಾರ್ಡು ತಿದ್ದಬೇಕಾದಾಗ ದುಂಡಾದ ಅಕ್ಷರಕ್ಕೂ ಹೊದಿಸಿದ ಕಂದು ಕಾಗದಕ್ಕೂ ಅಂಕವಿತ್ತವನು. ಒಮ್ಮೆ ಹನ್ನೊಂದು ಪುಸ್ತಕಗಳಲ್ಲಿ ಒಂದೇ ಪದ ಒಂದೇ ರೀತಿ ತಪ್ಪಾಗಿ ಬರೆಯಲ್ಪಟ್ಟಿತ್ತು. ಆದರೂ ಹನ್ನೊಂದಕ್ಕೂ ಸಹಿ ಹಾಕಿದೆ. ತಲೆಬರಹ, ಟಿಪ್ಪಣಿ, ಮೂರು ಬಗೆಯ ಸಂಖ್ಯೆಗಳಿಂದ ಪರೀಕ್ಷೆ—ಇಷ್ಟು ಬೇಕೆಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಮೂರು ಬಗೆಯಲ್ಲಿ ಪರೀಕ್ಷಿಸಿದವರಾರೆಂದು ಕೇಳಿದ ದಿನ ಮಾತ್ರ ನೆನಪಿಗೆ ಬಾರದು.

1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಯಂತ್ರ ಬಂದಾಗ ಅಲ್ಲಿ ಪ್ರೋಗ್ರಾಮಿಂಗ್ ಕಲಿಸಿದವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊಫೆಸರ್ ವಿ. ರಾಜಾರಾಮನ್ ಒಬ್ಬರು. ಅದು ರಂಧ್ರ ಕೊರೆದ ಕಾರ್ಡುಗಳ ಯುಗ. ಒಂದು ತಪ್ಪಾದರೆ ಯಂತ್ರದ ಸರದಿಗಾಗಿ ಮತ್ತೆ ಕಾಯಬೇಕಾಗಿದ್ದುದರಿಂದ, ಕೊಡುವ ಮುನ್ನ ಸಾಲುಸಾಲಾಗಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಅನಿವಾರ್ಯವಾಗಿತ್ತು. ಕೈಬರಹಕ್ಕೆ ಅಂದು ಒಂದು ಅರ್ಥವಿತ್ತು. ಇಂದು ಬರಹ ಉಳಿದಿದೆ, ಲೆಕ್ಕ ಹಾಕಿ ನೋಡುವುದು ಬಿಟ್ಟುಹೋಗಿದೆ.

ಅಂಕ ಬೇಡವೆನ್ನಲು ಅವಳಿಂದ ಸಾಧ್ಯವಿರಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು ಬಲಪುಟದಲ್ಲಿ ಸರಳಬಡ್ಡಿಯನ್ನೇ ನಕಲಿಳಿಸಿದಳು. ಎಡಪುಟದಲ್ಲಿ ಮಾತ್ರ, ಬಡ್ಡಿಯ ಉತ್ತರದ ಕೆಳಗೆ, ಪೆನ್ಸಿಲಿನಿಂದ ಅಡಿಕೆಯ ಪ್ರೋಗ್ರಾಮನ್ನೂ ಅದರ ಮೂರು ಉತ್ತರಗಳನ್ನೂ ಬರೆದು, ಮೊದಲೆರಡು ಏಕೆ ತಪ್ಪೆಂಬುದನ್ನು ಎರಡೆರಡು ಸಾಲಿನಲ್ಲಿ ವಿವರಿಸಿದಳು.

ಮರುವಾರ ದೂರವಾಣಿಯಲ್ಲಿ ಮಾತನಾಡಿದಳು. ಬಲಪುಟಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತ್ತು. ಎಡಪುಟಕ್ಕೆ ಅಂಕವಿರಲಿಲ್ಲ, ಅಂಚಿನಲ್ಲಿ ಕೆಂಪು ಶಾಯಿಯ ಒಂದು ಪ್ರಶ್ನೆಯಿತ್ತು: ‘ತೂಕ ಇನ್ನೂರೈವತ್ತೂವರೆ ಕಿಲೋ ಇದ್ದರೆ?’

ಅದನ್ನು ಅವಳು ಕೊಟ್ಟು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ.