ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಕಂಪ್ಯೂಟರ್: ತಾಯಂದಿರು ತಿಳಿದಿರಬೇಕಾದದ್ದು



ಇತ್ತೀಚೆಗೆ ಒಂದು ಸಂಘದ ಸಭೆಗೆ ಹೋಗಿದ್ದಾಗ ನಾವು ಮಕ್ಕಳ ಕಂಪ್ಯೂಟರ್ ತರಗತಿಯ ವಿಷಯ ಎತ್ತಿದೆವು. ಕೂಡಲೇ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ನಮ್ಮ ಹುಡುಗ ಮೊಬೈಲಿನಲ್ಲಿ ಎಲ್ಲ ಮಾಡ್ತಾನೆ. ನನಗೆ ಕಲಿಸಿದ್ದೂ ಅವನೇ. ಇನ್ನು ಕಂಪ್ಯೂಟರ್ ಕಲಿಯಲಿಕ್ಕೆ ಎಂತ ಉಂಟು?" ಉಳಿದವರೂ "ಹೌದು ಹೌದು" ಎಂದು ತಲೆಯಾಡಿಸಿದರು.

ಅವರು ಕೇಳಿದ್ದು ತಪ್ಪಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ನಿಮ್ಮಲ್ಲಿ ಎಷ್ಟೋ ಮಂದಿ ಬೀಡಿ ಕಟ್ಟಿ, ಸಂಘದಿಂದ ಸಾಲ ತೆಗೆದು ಮಕ್ಕಳ ಪಾಠಕ್ಕಾಗಿ ಮೊಬೈಲ್ ಕೊಂಡಿರಿ. ಅಂದಿನಿಂದ ಮೊಬೈಲ್ ಬಂತು ಅಂದರೆ ಕಂಪ್ಯೂಟರೂ ಬಂತು ಎಂಬ ಭಾವನೆ ಮನೆಮನೆಯಲ್ಲಿ ಉಂಟು. ಈ ಎರಡರ ವ್ಯತ್ಯಾಸವೇನು, ಮಕ್ಕಳಿಗೆ ಯಾವುದನ್ನು ಕಲಿಸಬೇಕು, ಕಂಪ್ಯೂಟರ್ ಗೊತ್ತಿಲ್ಲದ ತಾಯಂದಿರು ಇದರಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ನೋಡುವುದು ಬೇರೆ, ಮಾಡುವುದು ಬೇರೆ

ದೇಶದ ಹಳ್ಳಿಗಳ ಮಕ್ಕಳ ಕಲಿಕೆಯ ಬಗ್ಗೆ ನಡೆಯುವ 'ಅಸರ್' ಸಮೀಕ್ಷೆಯ 2024ರ ವರದಿ ಹೀಗೆ ಹೇಳುತ್ತದೆ: 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82ಕ್ಕಿಂತ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಉಪಯೋಗಿಸಲು ಬರುತ್ತದೆ. ಆದರೆ ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಅದನ್ನು ಬಳಸಿದವರು ನೂರಕ್ಕೆ 57 ಮಂದಿ. ಸಾಮಾಜಿಕ ಜಾಲತಾಣ ನೋಡಲು ಬಳಸಿದವರು 76 ಮಂದಿ. ಅಂದರೆ ಮಕ್ಕಳಿಗೆ ಫೋನ್ ಬರುತ್ತದೆ, ಆದರೆ ಅದರಲ್ಲಿ ಅವರು ಹೆಚ್ಚಾಗಿ ಮಾಡುವುದು ನೋಡುವ ಕೆಲಸ.

ನಿಮ್ಮ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಏಳನೇ ಕ್ಲಾಸಿನ ಮಗನನ್ನೋ ಮಗಳನ್ನೋ ಕಂಪ್ಯೂಟರ್ ಮುಂದೆ ಕೂರಿಸಿ, "ಜ್ವರ ಬಂದದ್ದರಿಂದ ಎರಡು ದಿನ ರಜೆ ಬೇಕು ಎಂದು ಮಾಸ್ತರರಿಗೆ ಕನ್ನಡದಲ್ಲಿ ಒಂದು ಪತ್ರ ಬರೆ, ಅದನ್ನು ಉಳಿಸಿಡು, ನಾಳೆ ತೆರೆದು ತೋರಿಸು" ಎಂದು ಹೇಳಿ. ಮೊಬೈಲಿನಲ್ಲಿ ಹುಲಿಯಾಗಿರುವ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. ಇದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಮುಂದೆ ಇವರು ಕೆಲಸಕ್ಕೆ ಹೋಗುವ ಕಡೆ ಎಂತ ಕೇಳುತ್ತಾರೆ? ಬ್ಯಾಂಕಿನ ಕೌಂಟರ್, ಆಸ್ಪತ್ರೆಯ ಬಿಲ್ಲಿಂಗ್, ಗೇರುಬೀಜ ಕಾರ್ಖಾನೆಯ ಆಫೀಸು, ಬಟ್ಟೆ ಅಂಗಡಿಯ ಲೆಕ್ಕ, ಎಲ್ಲ ಕಡೆಯೂ ಕೀಬೋರ್ಡ್ ಮತ್ತು ಪರದೆ. 2023ರ ಜುಲೈಯಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಲು ನಾವೆಲ್ಲ ಸೇವಾ ಕೇಂದ್ರಗಳ ಮುಂದೆ ಸಾಲಿನಲ್ಲಿ ನಿಂತದ್ದು ನೆನಪುಂಟಲ್ಲ? ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯೂ ಈಗ ಆನ್‌ಲೈನಿನಲ್ಲೇ. ಕೌಂಟರಿನ ಈಚೆ ಬದಿಯಲ್ಲಿ ನಾವು ನಿಂತದ್ದು ಸಾಕು, ಆಚೆ ಬದಿಯಲ್ಲಿ ಕುಳಿತು ಕೆಲಸ ಮಾಡುವವರು ನಮ್ಮ ಮಕ್ಕಳೂ ಆಗಬೇಕು.

ಈ ವಯಸ್ಸಿನಲ್ಲೇ ಯಾಕೆ?

2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ 'ಮಾಹಿತಿ ಸಿಂಧು' ಎಂಬ ಯೋಜನೆಯಲ್ಲಿ ಕಂಪ್ಯೂಟರ್ ಶಿಕ್ಷಣ ತಂದದ್ದು ಹೈಸ್ಕೂಲುಗಳಿಗೆ. ಅದು ಒಳ್ಳೆಯ ಕೆಲಸವೇ. ಆದರೆ ಹೈಸ್ಕೂಲಿಗೆ ಬಂದ ಮೇಲೆ ಎಸ್.ಎಸ್.ಎಲ್.ಸಿ.ಯ ಒತ್ತಡ ತಲೆಯ ಮೇಲೆ ಬಂದು ಕೂರುತ್ತದೆ. ಹನ್ನೊಂದರಿಂದ ಹದಿಮೂರು ವರ್ಷದ ಮಕ್ಕಳಿಗೆ ಹೆದರಿಕೆ ಕಡಿಮೆ, ಕುತೂಹಲ ಜಾಸ್ತಿ. ತಪ್ಪಾದರೆ ನಗುತ್ತಾರೆ, ಮತ್ತೆ ಮಾಡುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಪ್ಯೂಟರಿಗೆ ಹಂತ ಹಂತವಾಗಿ ಸೂಚನೆ ಬರೆಯುವ 'ಕೋಡಿಂಗ್' ಚಟುವಟಿಕೆಗಳನ್ನು ಮಾಧ್ಯಮಿಕ ಹಂತದಲ್ಲೇ, ಅಂದರೆ ಆರರಿಂದ ಎಂಟನೇ ಕ್ಲಾಸಿನಲ್ಲೇ ತರಬೇಕೆಂದು ಹೇಳಿದೆ. ಮೌಸ್ ಹಿಡಿಯಲು ಬಾರದ ಮಗು ಕೋಡಿಂಗ್ ಕಲಿಯುವುದು ಹೇಗೆ? ಮೊದಲು ಅಡಿಪಾಯ ಬೇಕು.

ಇದು ಆಗುವ ಕೆಲಸವೋ ಎಂದು ಕೇಳುವವರಿಗೆ ದೂರದ ಉದಾಹರಣೆ ಬೇಡ. ತಲಪಾಡಿ ದಾಟಿದರೆ ಸಾಕು. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ನಿಮ್ಮ ನೆಂಟರ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಅವರನ್ನು ಕೇಳಿ ನೋಡಿ. ಕೇರಳ ಸರ್ಕಾರ 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ಆರಂಭಿಸಿತು. 2017ರಿಂದ ಅದು 'ಕೈಟ್' ಎಂಬ ಸಂಸ್ಥೆಯಾಗಿ ನಡೆಯುತ್ತಿದೆ. 2024ರಲ್ಲಿ ಏಳನೇ ಕ್ಲಾಸಿನ ಮಕ್ಕಳ ಪುಸ್ತಕದಲ್ಲಿ ಕೃತಕ ಬುದ್ಧಿಮತ್ತೆಯ ಪಾಠವೂ ಬಂತು. ಮುಖದ ಭಾವವನ್ನು ಗುರುತಿಸುವ ಪುಟ್ಟ ಪ್ರೋಗ್ರಾಮನ್ನು ಮಕ್ಕಳೇ ಮಾಡಬೇಕು. ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳು ಮಾತ್ರವಲ್ಲ, ಕನ್ನಡದಲ್ಲೂ ಉಂಟು.

ಅಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆದವು. ಶಿಕ್ಷಕರಿಗೆ ತರಬೇತಿ ಕೊಟ್ಟರು. ದುಡ್ಡು ಕೊಡಬೇಕಾಗಿಲ್ಲದ ಮುಕ್ತ ತಂತ್ರಾಂಶ ಬಳಸಿದರು. ಮಕ್ಕಳ ಭಾಷೆಯಲ್ಲೇ ಪುಸ್ತಕ ಮಾಡಿದರು. ಬರೇ ಪೆಟ್ಟಿಗೆ ತಂದು ಇಟ್ಟರೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲು ಕಲಿಸಬೇಕಾದ ಐದು ವಿಷಯಗಳು

1. ಕೈ ಪಳಗಬೇಕು. ಮೊದಲ ವಾರ ಚಿತ್ರ ಬಿಡಿಸಲು ಬಿಡಬೇಕು. ಮನೆ, ತೆಂಗಿನ ಮರ, ದೋಣಿ, ಏನೂ ಆಗಬಹುದು. 'ಟಕ್ಸ್ ಪೈಂಟ್' ಎಂಬ ಉಚಿತ ತಂತ್ರಾಂಶ ಮಕ್ಕಳಿಗಾಗಿಯೇ ಮಾಡಿದ್ದು. ಗೆರೆ ಎಳೆಯುವಾಗಲೇ ಮೌಸ್ ಒತ್ತುವುದು, ಎಳೆಯುವುದು, ಬಿಡುವುದು ತಾನಾಗಿ ಬರುತ್ತದೆ.

2. ಕನ್ನಡದಲ್ಲಿ ಬರೆಯಬೇಕು. ಕಂಪ್ಯೂಟರಿಗೆ ಇಂಗ್ಲಿಷ್ ಬಂದರೆ ಮಾತ್ರ ಎಂಬ ಹೆದರಿಕೆ ಬೇಡ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕೀಲಿಮಣೆಯ ಜೋಡಣೆಯನ್ನು ರೂಪಿಸಿದವರು ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶದಲ್ಲಿ ಇದೇ ಜೋಡಣೆ ಇದೆ. ನುಡಿ ಉಚಿತ. ಇಂಗ್ಲಿಷಿನ 'ಕೆ' ಒತ್ತಿದರೆ 'ಕ' ಬರುತ್ತದೆ, 'ಎಂ' ಒತ್ತಿದರೆ 'ಮ'. ಒತ್ತಕ್ಷರ ಬೇಕಾದಾಗ ನಡುವೆ 'ಎಫ್' ಒತ್ತಬೇಕು. 'ಅಮ್ಮ' ಎಂದು ಬರೆಯಲು 'ಎ', 'ಎಂ', 'ಎಫ್', 'ಎಂ', ನಾಲ್ಕೇ ಕೀಲಿ. ಮೊದಲ ದಿನ ಮಕ್ಕಳಿಗೆ ನಾವು ಕಲಿಸುವ ಶಬ್ದ ಇದೇ. ಪರದೆಯಲ್ಲಿ ಅದು ಮೂಡಿದಾಗ ಆ ಮುಖಗಳನ್ನು ನೀವು ಬಂದು ನೋಡಬೇಕು!

3. ಉಳಿಸಿ, ಮತ್ತೆ ಹುಡುಕಿ ತೆಗೆಯಬೇಕು. ನಮ್ಮ ಸಂಘದಲ್ಲಿ ನಿರ್ಣಯ ಪುಸ್ತಕ ಬೇರೆ, ನಗದು ಪುಸ್ತಕ ಬೇರೆ, ಉಳಿತಾಯದ ಲೆಡ್ಜರ್ ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಸಿದರೆ ಬೇಕಾದಾಗ ಸಿಗುವುದಿಲ್ಲ. ಕಂಪ್ಯೂಟರಿನಲ್ಲೂ ಹಾಗೆಯೇ. ಬರೆದದ್ದು ಒಂದು 'ಫೈಲ್', ಫೈಲುಗಳನ್ನು ಇಡುವ ಚೀಲ 'ಫೋಲ್ಡರ್'. ಪ್ರತಿ ಮಗುವಿಗೂ ತನ್ನ ಹೆಸರಿನ ಫೋಲ್ಡರ್ ಇರಬೇಕು. ಹಿಂದಿನ ವಾರ ಮಾಡಿದ್ದನ್ನು ಈ ವಾರ ಅವನೇ ಹುಡುಕಿ ತೆರೆಯಬೇಕು.

4. ಲೆಕ್ಕ ಮಾಡಬೇಕು. ಇದಕ್ಕೆ ನಮ್ಮ ಸಂಘದ ಲೆಕ್ಕವೇ ಒಳ್ಳೆಯ ಪಾಠ. ಹದಿನೈದು ಸದಸ್ಯೆಯರು, ವಾರಕ್ಕೆ 50 ರೂಪಾಯಿ ಉಳಿತಾಯ ಎಂದಿಟ್ಟುಕೊಳ್ಳಿ. ಲೆಕ್ಕದ ಹಾಳೆಯ ಮೊದಲ ಕಂಬದಲ್ಲಿ ಹೆಸರು, ಎರಡನೆಯದರಲ್ಲಿ ಹಣ, ಕೆಳಗೆ ಒಟ್ಟು ಮೊತ್ತದ ಸೂತ್ರ. 750 ಎಂದು ತೋರಿಸುತ್ತದೆ. ಒಬ್ಬರು 50ರ ಬದಲು 100 ಕಟ್ಟಿದರೆ ಅದೊಂದನ್ನು ತಿದ್ದಿದರೆ ಸಾಕು, ಮೊತ್ತ ತಾನಾಗಿ 800 ಆಗುತ್ತದೆ. 'ಲಿಬ್ರೆ ಆಫೀಸ್' ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಸದಸ್ಯೆಯರ ನಿಜ ಹೆಸರು ಹಾಕುವುದು ಬೇಡ, ಅಭ್ಯಾಸಕ್ಕೆ ಬೇರೆ ಹೆಸರು ಇರಲಿ.

5. ಜಾಗ್ರತೆ ಕಲಿಯಬೇಕು. ಇಂಟರ್ನೆಟ್ ಕೊನೆಗೆ ಬರಲಿ, ದೊಡ್ಡವರೊಬ್ಬರು ಹತ್ತಿರ ಇರಲಿ. ಪಾಸ್‌ವರ್ಡ್ ಗೆಳೆಯರಿಗೂ ಹೇಳಬಾರದು. ಅಮ್ಮನ ಫೋನಿಗೆ ಬಂದ ಒ.ಟಿ.ಪಿ. ಯಾರು ಕೇಳಿದರೂ ಕೊಡಬಾರದು. ಗುರುತಿಲ್ಲದವರಿಗೆ ಫೋಟೋ ಕಳುಹಿಸಬಾರದು. ಯಾರಾದರೂ ಹೆದರಿಸಿದರೆ ಮನೆಯಲ್ಲಿ ಹೇಳಬೇಕು. ಹಾಗೆ ಹೇಳಿದಾಗ ನಾವೂ ಮಗುವಿಗೇ ಬೈಯಬಾರದು. ಬೈದರೆ ಮುಂದಿನ ಸಲ ಹೇಳುವುದಿಲ್ಲ. ಆನ್‌ಲೈನಿನಲ್ಲಿ ಹಣ ಹೋದರೆ 1930ಕ್ಕೆ, ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಕೂಡಲೇ ಫೋನ್ ಮಾಡಿ.

ಹಿಂದೆ ನಿಂತ ಹುಡುಗಿ

ಇನ್ನು ಕಲಿಸುವ ಕ್ರಮದ ಬಗ್ಗೆ ನಾವೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಬೇಸಿಗೆ ರಜೆಯ ತರಗತಿಯಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳನ್ನು ಕೂರಿಸಿದ್ದೆವು. ಎಲ್ಲರೂ ಪರದೆ ನೋಡುತ್ತಿದ್ದರು, ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ನಾವು ಸಂತೋಷಪಟ್ಟೆವು. ಹತ್ತು ದಿನ ಕಳೆದ ಮೇಲೆ ಒಬ್ಬೊಬ್ಬರನ್ನೇ ಕರೆದು ಮಾಡಿಸಿದಾಗ ಗೊತ್ತಾಯಿತು: ಮೌಸ್ ಇಡೀ ದಿನ ಇಬ್ಬರು ಹುಡುಗರ ಕೈಯಲ್ಲೇ ಇತ್ತು. ಆರನೇ ಕ್ಲಾಸಿನ ಒಬ್ಬ ಹುಡುಗಿ ಹಿಂದೆ ನಿಂತು ನಾವು ಹೇಳಿದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಕೀಬೋರ್ಡ್ ಮುಟ್ಟಲು ಹೇಳಿದಾಗ ಬೆರಳು ನಡುಗಿತು. "ಹಾಳಾದರೆ ಯಾರು ಕಟ್ಟುವುದು ಸಿಸ್ಟರ್?" ಎಂದಳು.

ಆ ಮಾತು ಅವಳಿಗೆ ಎಲ್ಲಿಂದ ಬಂತು? ಮನೆಯಲ್ಲಿ, ಶಾಲೆಯಲ್ಲಿ ನಾವು ಹೆಣ್ಣುಮಕ್ಕಳಿಗೆ ಹೇಳುವ "ಮುಟ್ಟಬೇಡ, ಹಾಳು ಮಾಡ್ತಿ" ಎಂಬ ಮಾತಿನಿಂದಲೇ ಬಂತು. ಒಂದು ಕೀಲಿ ತಪ್ಪಿ ಒತ್ತಿದರೆ ಕಂಪ್ಯೂಟರ್ ಹಾಳಾಗುವುದಿಲ್ಲ.

ಅಂದಿನಿಂದ ನಾವು ಕ್ರಮ ಬದಲಿಸಿದೆವು. ನಲ್ವತ್ತು ನಿಮಿಷದ ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ತಲಾ ಹತ್ತು ನಿಮಿಷ, ಗಡಿಯಾರ ನೋಡಿಯೇ. ಮೊದಲ ಸರದಿ ಹುಡುಗಿಯರಿಗೆ. ಕಲಿಸುವವರು ಮಗುವಿನ ಕೈಯಿಂದ ಮೌಸ್ ಕಿತ್ತು ತಾವೇ ಮಾಡಿ ತೋರಿಸಬಾರದು, ಬಾಯಲ್ಲಿ ಹೇಳಬೇಕು. ಸರದಿ ಕಾಯುವ ಮಕ್ಕಳು ರಟ್ಟಿನ ಮೇಲೆ ಬರೆದ ಕೀಬೋರ್ಡಿನಲ್ಲಿ ಬೆರಳು ಪಳಗಿಸಬಹುದು. ಈ ರಟ್ಟಿನ ಕೀಬೋರ್ಡಿಗೆ ಖರ್ಚಿಲ್ಲ, ಕರೆಂಟೂ ಬೇಡ.

ಸಂಘದವರು ಏನು ಮಾಡಬಹುದು?

ಶಾಲೆಗೆ ಹೋಗಿ ಕೇಳಿ. ಒಂದು ಶಾಲೆಯಲ್ಲಿ ದಾನಿಗಳು ಕೊಟ್ಟ ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದ್ದನ್ನು ನಾವು ಕಂಡಿದ್ದೇವೆ. ಜೋಪಾನ ಮಾಡಬೇಕೆಂದೇ ಹಾಗೆ ಮಾಡಿದ್ದು. ಆದರೆ ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಉಪಯೋಗಿಸದ ಯಂತ್ರವೇ ಬೇಗ ಹಾಳಾಗುವುದು. ವಾರಕ್ಕೊಮ್ಮೆಯಾದರೂ ಅದನ್ನು ಚಾಲೂ ಮಾಡಬೇಕು. ಸಿಡಿಲು ಬರುವ ದಿನ ಮಾತ್ರ ಪ್ಲಗ್ ತೆಗೆದಿಡಬೇಕು.

ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನೀವು ಹೋಗಿ ಮೂರು ಪ್ರಶ್ನೆ ಕೇಳಿ: ಶಾಲೆಯಲ್ಲಿ ನಡೆಯುವ ಸ್ಥಿತಿಯ ಕಂಪ್ಯೂಟರ್ ಎಷ್ಟು? ಆರರಿಂದ ಎಂಟನೇ ಕ್ಲಾಸಿಗೆ ವಾರಕ್ಕೆ ಎಷ್ಟು ಅವಧಿ? ಅದರಲ್ಲಿ ಪ್ರತಿ ಮಗುವಿನ ಕೈಗೆ ಎಷ್ಟು ನಿಮಿಷ? ಜಗಳ ಬೇಡ, ಗೌರವದಿಂದಲೇ ಕೇಳಿ. ಟೀಚರುಗಳಿಗೂ ಕಷ್ಟ ಉಂಟು. ನಾವು ಜೊತೆಗಿದ್ದೇವೆ ಎಂದು ತಿಳಿದರೆ ಅವರಿಗೂ ಧೈರ್ಯ.

ಗ್ರಂಥಾಲಯ ಬಳಸಿ. ನಗರದ ಅಂಚಿನಲ್ಲಿ, ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಇರುವವರಿಗೆ ಪಂಚಾಯತ್ ಗ್ರಂಥಾಲಯ, ಈಗಿನ 'ಅರಿವು ಕೇಂದ್ರ', ಹತ್ತಿರ ಇರುತ್ತದೆ. 2020ರಲ್ಲಿ ಬಂದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಲವು ಕೇಂದ್ರಗಳಲ್ಲಿ ಕಂಪ್ಯೂಟರೂ ಉಂಟು. ಶನಿವಾರ ಮಧ್ಯಾಹ್ನದ ಮೇಲೆ ಸಂಘದ ಒಬ್ಬ ಸದಸ್ಯೆ ಸರದಿ ಪ್ರಕಾರ ಮಕ್ಕಳ ಜೊತೆ ಹೋಗಿ ಕುಳಿತರೆ ಸಾಕು. ಕಂಪ್ಯೂಟರ್ ನಿಮಗೆ ಬರಬೇಕೆಂದಿಲ್ಲ, ಗಡಿಯಾರ ನೋಡಲು ಬಂದರೆ ಸಾಕು.

ಮನೆಯಲ್ಲಿ ಕೇಳಿ. "ಇವತ್ತು ಕಂಪ್ಯೂಟರ್ ಕ್ಲಾಸ್ ಇತ್ತಾ?" ಎಂದು ಕೇಳಿದರೆ "ಇತ್ತು" ಎಂದು ಹೇಳಿ ಆಟಕ್ಕೆ ಓಡುತ್ತಾರೆ. "ಇವತ್ತು ನಿನ್ನ ಕೈಯಲ್ಲಿ ಎಂತ ಮಾಡಿದೆ?" ಎಂದು ಕೇಳಿ. ಮಗಳನ್ನೂ ಕೇಳಿ, ಮಗನನ್ನೂ ಕೇಳಿ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ತರಗತಿಯ ಕೊನೆಯ ದಿನ ಅವಳು ತನ್ನ ತಾಯಿಯ ಸಂಘದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರಿಂಟ್ ತೆಗೆದಳು. ಎರಡು ಅಕ್ಷರ ತಪ್ಪಿತ್ತು. ತಾನೇ ಕಂಡುಹಿಡಿದು, ತಾನೇ ತಿದ್ದಿ, ಮತ್ತೊಮ್ಮೆ ತೆಗೆದಳು. ಆ ಹಾಳೆ ಈಗ ಅವರ ಸಂಘದ ನಿರ್ಣಯ ಪುಸ್ತಕದ ಹೊದಿಕೆಯ ಮೇಲೆ ಉಂಟು.

ಸಹೋದರಿಯರೇ, ಮುಂದಿನ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿಯ ವಿಷಯ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕೆ ಕೊಡಿ. ನಿಮ್ಮ ಸಂಘದ ಮಕ್ಕಳಲ್ಲಿ ಆರು, ಏಳು, ಎಂಟನೇ ಕ್ಲಾಸಿನವರು ಎಷ್ಟು ಮಂದಿ, ಯಾವ ಶಾಲೆ, ಕಂಪ್ಯೂಟರ್ ಮುಟ್ಟಿದವರು ಎಷ್ಟು ಎಂದು ಪಟ್ಟಿ ಮಾಡಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ನಮ್ಮ ಕಾರ್ಯಕರ್ತೆಯರು ನಿಮ್ಮಲ್ಲಿಗೆ ಬಂದಾಗ ಆ ಪಟ್ಟಿ ತೋರಿಸಿ. ಮುಂದಿನ ಕೆಲಸ ಒಟ್ಟಿಗೆ ಮಾಡೋಣ.